ರುದ್ರಪ್ಪನವರ ಎಡ ಅಂಗೈ

ಫಿಸಿಯೋಥೆರಪಿಗೆ ಮೊದಲ ಸಲ ಬರುವ ರೋಗಿ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಯಂತ್ರ ಎಲ್ಲಿದೆ ಅಂತ ಹುಡುಕುತ್ತಾನೆ. ಯಂತ್ರಕ್ಕೊಂದು ಕೆಂಪು ದೀಪ ಇದ್ದರೆ ಅರ್ಧ ನೋವು ಅಲ್ಲೇ ಹೋಗುತ್ತದೆ. ದೀಪದ ಜೊತೆಗೆ ಕುಂಯ್ ಅನ್ನುವ ಸದ್ದೂ ಇದ್ದರೆ ಮುಕ್ಕಾಲು. ಉಳಿದ ಕಾಲು ಭಾಗಕ್ಕೆ ಮಾತ್ರ ನಾವು ಬೇಕಾಗುತ್ತೇವೆ. ಆ ಕಾಲು ಭಾಗಕ್ಕಾಗಿಯೇ ನಾನು ಒಂದು ಆಯುಷ್ಯ ಕಳೆದದ್ದು.

ಈಗ ಈ ವಿದ್ಯೆಗೆ ಕಾಲೇಜು ಇದೆ, ಬಿಳಿ ಕೋಟು ಇದೆ. ನಮ್ಮ ಪಕ್ಕದ ಮನೆಯ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ರೋಗಿಗಳಿಗೆ ಹಂಚುವುದಕ್ಕೆ ಒಂದು ಕರಪತ್ರ ಮಾಡಬೇಕು, ಹೊಸಬರು ಏನು ತಿಳಿದಿರಬೇಕು ಅಂತ ನಾಲ್ಕು ಸಾಲು ಹೇಳಿ ಅಂದಳು. ನಾಲ್ಕೇ ಸಾಲಿನಲ್ಲಿ ಹೇಳುವ ಜಾಣತನ ನನಗಿಲ್ಲ. ಅದಕ್ಕೇ ಹಾಳೆ ಹಾಳೆ ಬರೆಯುತ್ತಿದ್ದೇನೆ. ಅವಳ ಕರಪತ್ರಕ್ಕೆ ಇದು ಉಪಯೋಗಕ್ಕೆ ಬರುವುದಿಲ್ಲ ಅಂತ ನನಗೂ ಗೊತ್ತು.

ಯುದ್ಧದ ಕಾಲದಲ್ಲಿ ನಾನು ಬೆಂಗಳೂರಿನ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ವಾರ್ಡಿನ ಆಳಾಗಿದ್ದೆ. ಕೊಪ್ಪದ ಶಾಲೆ ಮುಗಿಸಿ, ಮುಂದೇನು ಅಂತ ಗೊತ್ತಾಗದೆ ಹೋಗಿ ಸೇರಿಕೊಂಡವನು. ಗುಂಡು ತಗುಲಿ ಕೈಕಾಲು ಮಡಚಲಾರದ ಸಿಪಾಯಿಗಳಿಗೆ ಮಾಲೀಸು, ವ್ಯಾಯಾಮ ಮಾಡಿಸಲು ಅಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು ಇದ್ದರು. ಹೆಸರು ನಮ್ಮ ಬಾಯಿಗೆ ಹೊರಳದೆ ಮಿಸ್ಸಮ್ಮ ಅನ್ನುತ್ತಿದ್ದೆವು. ನನ್ನ ಕೈ ಸದಾ ಬೆಚ್ಚಗಿರುತ್ತದೆ ಅನ್ನುವ ಒಂದೇ ಯೋಗ್ಯತೆಗೆ ಅವರು ನನ್ನನ್ನು ಆರಿಸಿಕೊಂಡರು. ಮೂರು ವರ್ಷ ಅವರಿಂದ ಬೈಸಿಕೊಂಡೆ. ಬೈಸಿಕೊಂಡದ್ದಕ್ಕೆ ಒಂದು ಸರ್ಟಿಫಿಕೇಟೂ ಸಿಕ್ಕಿತು.

ಯುದ್ಧ ಮುಗಿದ ಮೇಲೆ ಆ ಸರ್ಟಿಫಿಕೇಟು ಹಿಡಿದುಕೊಂಡು ಊರಿಗೆ ಬಂದೆ. ನಮ್ಮ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಯಾವ ಊರಿನದು ಅಂತ ಹೇಳುವುದಿಲ್ಲ. ಇಂಥ ಕೆಲಸ ಒಂದಿದೆ ಅಂತಲೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ನನ್ನನ್ನು ಡ್ರೆಸ್ಸರ್ ಅಂತ ಬರೆದುಕೊಂಡರು. ಬೆಳಿಗ್ಗೆ ಗಾಯ ತೊಳೆದು ಪಟ್ಟಿ ಕಟ್ಟಬೇಕು, ಮಧ್ಯಾಹ್ನದ ಮೇಲೆ ನಿನ್ನ ಮಾಲೀಸು ಏನಿದೆಯೋ ಮಾಡಿಕೋ ಅಂದರು ಡಾಕ್ಟರು. ಸ್ಟೋರಿನ ಪಕ್ಕ ಒಂದು ಕತ್ತಲೆ ಕೋಣೆ ಕೊಟ್ಟರು. ಎರಡು ಬೆಂಚು ಹಾಕಿಕೊಂಡೆ. ಬಿಸಿ ಶಾಖಕ್ಕೆ ತೌಡಿನ ಗಂಟು ಕಟ್ಟಿಕೊಂಡೆ. ಹೆಗಲು ಎತ್ತಲಾರದವರು ಹಗ್ಗ ಜಗ್ಗಿ ಕೈ ಮೇಲೆತ್ತಿಕೊಳ್ಳಲಿ ಅಂತ ತೊಲೆಗೆ ಬಾವಿಯ ರಾಟೆ ತೂಗುಹಾಕಿದೆ. ಆಸ್ಪತ್ರೆಯವರು ಕೋಣೆಯೊಳಗೇ ಬಾವಿ ತೋಡಿಸುತ್ತಿದ್ದಾರೆ ಅಂತ ಒಂದು ತಿಂಗಳು ಊರಲ್ಲಿ ಸುದ್ದಿ ಇತ್ತು.

ಡಾಕ್ಟರು ಒಳ್ಳೆಯವರು. ಅವರಿಗೆ ಮಿಕ್ಸ್‌ಚರು ಅನ್ನುವ ಬಾಟಲಿ ಔಷಧಿಯಲ್ಲಿ ಇದ್ದಷ್ಟು ನಂಬಿಕೆ ದೇವರಲ್ಲೂ ಇರಲಿಲ್ಲ. ಕೆರೆಕಟ್ಟೆ ಕಡೆಯ ಮರ ಕೊಯ್ಯುವವನೊಬ್ಬ ಮೊಣಕಾಲು ಮಡಚಲಾಗದೆ ಬಂದ. ಗರಗಸದ ಕೆಲಸಕ್ಕೆ ಕುಕ್ಕರಗಾಲಲ್ಲಿ ಕೂರಲೇಬೇಕು. ಮೂರು ವಾರ ಆಸ್ಪತ್ರೆಯ ಜಗಲಿಯಲ್ಲೇ ಮಲಗಿ, ನಾನು ಹೇಳಿದ್ದನ್ನೆಲ್ಲ ಮಾಡಿ, ಕೊನೆಗೆ ಕುಕ್ಕರಗಾಲಲ್ಲಿ ಕೂತು ಎದ್ದು ತೋರಿಸಿದ. ಹೊರಡುವ ಹೊತ್ತಿಗೆ ಬಹಳ ಸಂಕೋಚದಿಂದ, ಔಷಧಿ ಯಾವತ್ತು ಶುರು ಮಾಡುತ್ತೀರಿ ಅಂತ ಕೇಳಿದ. ಡಾಕ್ಟರು ಕರೆದು ಒಂದು ಬಾಟಲಿ ಕೆಂಪು ನೀರು ಕೊಡಿಸಿದರು, ಪಕ್ಕಕ್ಕೆ ಡೋಸಿನ ಅಳತೆಯ ಕಾಗದ ಅಂಟಿಸಿ. ಅವನು ಕಣ್ಣಿಗೊತ್ತಿಕೊಂಡು ಹೋದ. ಮುಂದಿನ ತಿಂಗಳು ಕೆರೆಕಟ್ಟೆಯಿಂದ ಐದಾರು ಜನ ಮೊಣಕಾಲಿನ ಕೆಂಪು ಔಷಧಿ ಕೇಳಿಕೊಂಡು ಬಂದರು. ಡಾಕ್ಟರು ನನ್ನ ಕಡೆ ನೋಡಿ ನಕ್ಕರು. ನಾನೂ ನಗಬೇಕಾಯಿತು, ಮೇಲಿನವರು ನಕ್ಕಾಗ ನಗುವುದು ಡ್ರೆಸ್ಸರಿನ ಕೆಲಸದಲ್ಲಿ ಸೇರಿತ್ತು.

ಶೃಂಗೇರಿಯ ಅಡುಗೆ ಭಟ್ಟರೊಬ್ಬರು ಬಂದಾಗ ನಾನು ಇನ್ನೊಂದು ಪಾಠ ಕಲಿತೆ. ಬಲಹೆಗಲು ಬಿಗಿದಿದೆ ಅಂದರು. ಎಲ್ಲಿ ನೋವು ಅಂದರೆ ನೋವೇ ಇಲ್ಲ ಅಂದರು. ಏನು ಮಾಡಲು ಆಗುವುದಿಲ್ಲ ಅಂದರೆ ಎಲ್ಲ ಆಗುತ್ತದೆ ಅಂದರು. ಹಾಗಾದರೆ ಯಾಕೆ ಬಂದಿರಿ ಅಂತ ರೇಗಿದೆ. ಭಟ್ಟರು ಅತ್ತಿತ್ತ ನೋಡಿ, ಜುಟ್ಟು ಕಟ್ಟಿಕೊಳ್ಳಲು ಆಗುವುದಿಲ್ಲ, ಎಂಟು ತಿಂಗಳಿಂದ ಪಾತ್ರೆ ತೊಳೆಯುವವನ ಹತ್ತಿರ ಕಟ್ಟಿಸಿಕೊಳ್ಳುತ್ತಿದ್ದೇನೆ, ಹಾಗಾಗಿ ಅವನು ಈಗ ನನ್ನ ಮಾತು ಕೇಳುವುದಿಲ್ಲ ಅಂದರು. ಅವತ್ತಿನಿಂದ ನಾನು ನೋವಿನ ಸುದ್ದಿ ಎರಡನೆಯದಕ್ಕೆ ಇಟ್ಟುಕೊಂಡೆ. ಯಾವ ಕೆಲಸ ನಿಂತುಹೋಗಿದೆ ಅಂತ ಮೊದಲು ಕೇಳತೊಡಗಿದೆ. ಅಷ್ಟು ಕಲಿತ ಹುಮ್ಮಸ್ಸಿನಲ್ಲಿ ಇದ್ದಾಗಲೇ ರುದ್ರಪ್ಪನವರು ಬಂದದ್ದು.

ರುದ್ರಪ್ಪನವರು ಬಾಳೆಹೊನ್ನೂರಿನಲ್ಲಿ ಅಡಿಕೆ, ಏಲಕ್ಕಿ ವ್ಯಾಪಾರ ಮಾಡುತ್ತಿದ್ದ ವೀರಶೈವ ಹಿರಿಯರು. ಶೆಟ್ಟಿಕೊಪ್ಪದ ಕಡೆ ಜಮೀನೂ ಇತ್ತು. ವಯಸ್ಸು ಅರವತ್ತರ ಹತ್ತಿರ. ಕೈ ಮುರಿದ ಕಥೆ ಅವರ ಸ್ವಭಾವಕ್ಕೆ ಒಪ್ಪುವಂಥದ್ದು. ಆಗ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ನೂಕಬೇಕು. ಕೊಪ್ಪದಿಂದ ಬರುವಾಗ ಒಂದು ಏರಿನಲ್ಲಿ ಎಲ್ಲರೂ ಇಳಿದು ನೂಕಿದರು. ರುದ್ರಪ್ಪನವರು ನೂಕುವ ಪೈಕಿಯಲ್ಲ, ಹಿಂದೆ ನಿಂತು ಹೇಗೆ ನೂಕಬೇಕು ಅಂತ ಹೇಳುತ್ತಿದ್ದರು. ಬಸ್ಸು ಹಿಂದಕ್ಕೆ ಜಾರಿತು. ನೂಕುವವರು ಪಕ್ಕಕ್ಕೆ ಹಾರಿದರು, ಹೇಳುತ್ತಿದ್ದವರು ಚರಂಡಿಗೆ ಬಿದ್ದರು. ಎಡ ಮುಂಗೈಯ ಎರಡೂ ಮೂಳೆ ಮುರಿಯಿತು.

ಊರಿನ ನಾಟಿ ವೈದ್ಯ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಕೋಳಿಮೊಟ್ಟೆಯ ಲೇಪಕ್ಕೆ ಇವರು ಒಪ್ಪಲಿಲ್ಲವೆಂದು ಉದ್ದಿನಹಿಟ್ಟು ಬಳಿದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ, ಮೂಳೆ ಚೆನ್ನಾಗಿಯೇ ಕೂಡಿತ್ತು. ಆದರೆ ಆರು ವಾರ ಅಂಗೈ ನೆಲ ನೋಡಿಕೊಂಡಿತ್ತು. ದಬ್ಬೆ ಬಿಚ್ಚಿದ ಮೇಲೂ ಅದು ನೆಲವನ್ನೇ ನೋಡುತ್ತಿತ್ತು. ಮುಂಗೈ ತಿರುಗಿಸಿ ಅಂಗೈಯನ್ನು ಆಕಾಶಕ್ಕೆ ಮಾಡಲು ಆಗುತ್ತಿರಲಿಲ್ಲ.

ನನ್ನ ಹೊಸ ಪದ್ಧತಿಯಂತೆ ಯಾವ ಕೆಲಸ ನಿಂತಿದೆ ಅಂತ ಕೇಳಿದೆ.

"ಪೂಜೆ ನಿಂತದೆ," ಅಂದರು.

ದಿನವೂ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು, ಕಣ್ಣಿನ ಎದುರಿಗೆ ಹಿಡಿದು ಪೂಜೆ ಮಾಡಬೇಕು. ಎಂಟನೇ ವಯಸ್ಸಿನಿಂದ ತಪ್ಪಿಸಿರಲಿಲ್ಲ. ಈಗ ಮಣೆಯ ಮೇಲಿಟ್ಟು ಮಾಡುತ್ತಿದ್ದರು. ಕಾಯಿಲೆಯವರಿಗೆ ಅದು ನಡೆಯುತ್ತದೆ ಅಂತ ಮಠದ ಅಯ್ಯನವರು ಹೇಳಿದ್ದರಂತೆ. ಅದು ಅವರ ದೊಡ್ಡತನ, ನನ್ನ ಮನಸ್ಸಿಗೆ ಪೂಜೆ ಆದ ಹಾಗಲ್ಲ ಅಂದರು ರುದ್ರಪ್ಪನವರು. ಪೂಜೆ ಆಗದೆ ಅನ್ನ ಮುಟ್ಟುವುದಿಲ್ಲ ಅನ್ನುವುದು ಅವರ ನೇಮ. ಬಿದ್ದ ದಿನದಿಂದ ಬರೀ ಹಾಲು, ಹಣ್ಣು. ಅಂಗಿ ಅವರ ಮೈಮೇಲೆ ಇನ್ನೊಬ್ಬರ ಅಂಗಿಯ ಹಾಗೆ ನೇತಾಡುತ್ತಿತ್ತು. ಕೈ ಸರಿಯಾಗುವ ಮೊದಲು ಮನುಷ್ಯ ಹೋಗಿಬಿಡುತ್ತಾನೆ ಅಂತ ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದರು. ಇನ್ನು ಮೂರು ನಾಲ್ಕು ತಿಂಗಳಲ್ಲಿ ಅಂಗೈ ತಿರುಗದಿದ್ದರೆ ಆಮೇಲೆ ತಿರುಗುವುದಿಲ್ಲ ಅಂತ ನನಗೂ ಗೊತ್ತಿತ್ತು.

ಇಲ್ಲಿ ನಾನೊಂದು ಜಾಣತನ ಮಾಡಿದೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಆದಷ್ಟು ಹೊರಕ್ಕೆ ತಿರುಗಿಸುವುದನ್ನು ಹೇಳಿಕೊಟ್ಟು, ಎಷ್ಟು ಸಲ ಅಂತ ಅವರು ಕೇಳಿದಾಗ, ದೈವಭಕ್ತರು ಲೆಕ್ಕ ತಪ್ಪಿಸದಿರಲಿ ಅಂತ, ಬೆಳಿಗ್ಗೆ ನೂರೆಂಟು ಸಂಜೆ ನೂರೆಂಟು ಅಂದೆ. ಮಿಸ್ಸಮ್ಮನ ಪುಸ್ತಕದಲ್ಲಿ ಇಪ್ಪತ್ತು ಅಂತ ಇತ್ತು. ನಮ್ಮ ಜನಕ್ಕೆ ಹೇಗೆ ಹೇಳಬೇಕು ಅಂತ ಮಿಸ್ಸಮ್ಮನಿಗೇನು ಗೊತ್ತು ಅಂತ ಒಳಗೊಳಗೇ ಬೀಗಿದೆ. ರುದ್ರಪ್ಪನವರ ಮುಖವೂ ಅರಳಿತು. ಆಗಲಿ, ಒಂದೂ ತಪ್ಪದ ಹಾಗೆ ಆಗುತ್ತದೆ ಅಂದರು. "ಮಾಡುತ್ತೇನೆ" ಅನ್ನಲಿಲ್ಲ. ಅದನ್ನು ನಾನು ಗಮನಿಸಲಿಲ್ಲ.

ಬಸ್ಸಿನಲ್ಲಿ ಓಡಾಡುವ ಶಕ್ತಿ ಅವರಿಗಿರಲಿಲ್ಲ. ವಾರಕ್ಕೊಮ್ಮೆ ಅವರ ಮನೆಯ ಆಳು ಸಿದ್ದ ಬಂದು ವರದಿ ಒಪ್ಪಿಸುತ್ತಿದ್ದ. ಐವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಈ ವಾರವೂ ನೂರೆಂಟು ನೂರೆಂಟು ಸರಿಯಾಗಿ ಆಯಿತು ಅನ್ನುತ್ತಿದ್ದ. ಅಂಗೈ ಎಷ್ಟು ತಿರುಗುತ್ತದೆ ಅಂದರೆ, ಪೂರ್ತಿ ತಿರುಗುತ್ತದೆ ಅಂತ ತನ್ನದೇ ಕೈ ತಿರುಗಿಸಿ ತೋರಿಸುತ್ತಿದ್ದ. ನಾನು ಹಿಗ್ಗಿ ಡಾಕ್ಟರಿಗೆ ಹೇಳಿದೆ. ಮಿಕ್ಸ್‌ಚರಿಲ್ಲದೆ ವಾಸಿಯಾದ ಮೊದಲ ರೋಗಿ ಅಂತ ಅವರೂ ಒಪ್ಪಿದರು.

ಐದನೇ ವಾರ ಕಣ್ಣಾರೆ ನೋಡಿ ಬರೋಣ ಅಂತ ಬಾಳೆಹೊನ್ನೂರಿಗೆ ಹೋದೆ. ರುದ್ರಪ್ಪನವರ ಮನೆಯ ಜಗಲಿಯಲ್ಲಿ ಮಣೆ ಹಾಕಿಕೊಂಡು ಸಿದ್ದ ಪೂರ್ವಕ್ಕೆ ಮುಖ ಮಾಡಿ ಕೂತಿದ್ದ. ಸ್ನಾನವಾಗಿತ್ತು, ಹಣೆಗೆ ವಿಭೂತಿ ಇತ್ತು. ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈ ಮೇಲೆ ಕೆಳಗೆ, ಮೇಲೆ ಕೆಳಗೆ ತಿರುಗಿಸುತ್ತಿದ್ದ. ಪಕ್ಕದಲ್ಲಿ ರುದ್ರಪ್ಪನವರು ರುದ್ರಾಕ್ಷಿ ಸರ ಹಿಡಿದು ಎಣಿಸುತ್ತಿದ್ದರು. ಅವರ ಎಡಗೈ ತೊಡೆಯ ಮೇಲೆ, ನೆಲ ನೋಡಿಕೊಂಡು, ಆರಾಮಾಗಿ ಮಲಗಿತ್ತು. ನನ್ನನ್ನು ಕಂಡು, ಎಣಿಕೆ ತಪ್ಪದಿರಲಿ ಅಂತ, ಕಣ್ಣಲ್ಲೇ ಕೂರಲು ಹೇಳಿದರು.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅದನ್ನು ರುದ್ರಪ್ಪನವರ ಮೇಲೆ ತೀರಿಸುವ ಧೈರ್ಯವಿಲ್ಲದೆ ಸಿದ್ದನ ಮೇಲೆ ತೀರಿಸಿದೆ. ಅವನು ಹೇಳಿದ್ದನ್ನು ಮಾಡಿದ ಬಡಪಾಯಿ, ಕೂತಲ್ಲೇ ತಲೆ ತಗ್ಗಿಸಿದ. ಅವನಿಗೆ ಅಂದ ಮಾತುಗಳಿಗೆ ನನಗೆ ಇವತ್ತಿಗೂ ನಾಚಿಕೆ ಇದೆ.

ರುದ್ರಪ್ಪನವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ಅವರ ವಾದ ಸರಳವಾಗಿತ್ತು. ಹೋದ ವರ್ಷ ಜ್ವರ ಬಂದಾಗ ಅಯ್ಯನವರನ್ನು ಕರೆಸಿ ತಮ್ಮ ಹೆಸರಿನಲ್ಲಿ ಮೃತ್ಯುಂಜಯ ಜಪ ಮಾಡಿಸಿದ್ದರು, ಜ್ವರ ಬಿಟ್ಟಿತ್ತು. ಹರಕೆಯ ಪ್ರದಕ್ಷಿಣೆ ಮಾಡಿಸಿದ್ದರು, ಅದೂ ಫಲಿಸಿತ್ತು. ಗದ್ದೆ ಉತ್ತದ್ದು, ಅಡಿಕೆ ಸುಲಿದದ್ದು ಎಲ್ಲ ತಮ್ಮ ಹೆಸರಿನಲ್ಲಿ ಬೇರೆಯವರೇ.

"ಮುರಿದ ಕೈಯಲ್ಲಿ ನೂರೆಂಟು ಆಗ್ತದಾ ಮಾರಾಯ? ಸಿದ್ದನ ಕೈ ಗಟ್ಟಿ ಅದೆ. ನನ್ನ ಹೆಸರು ಹೇಳೇ ಮಾಡ್ತಾನೆ," ಅಂದರು.

ನೂರೆಂಟು ಅಂದವನು ನಾನೇ. ಇಪ್ಪತ್ತು ಅಂದಿದ್ದರೆ ಅದು ವ್ಯಾಯಾಮವಾಗಿರುತ್ತಿತ್ತು, ನೂರೆಂಟು ಅಂದು ನಾನೇ ಅದನ್ನು ಹರಕೆ ಮಾಡಿಕೊಟ್ಟಿದ್ದೆ. ಸ್ನಾಯು, ಕೀಲು ಅಂತ ಏನೇನೋ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಹಾಗಾದರೆ ಸಿದ್ದನ ಕೈಯಲ್ಲಿ ಇನ್ನೂರು ಮಾಡಿಸೋಣ ಅಂದರು. ಐದು ವಾರ ಹಾಳಾಗಿತ್ತು. ಆ ಅಂಗೈಗೆ ಉಳಿದಿದ್ದ ದಿನಗಳೇ ಕಮ್ಮಿ.

ಆಗ ಬಾಗಿಲಿನ ಒಳಗಿನಿಂದ ಅವರ ಹೆಂಡತಿ ಗೌರಮ್ಮ ಮಾತಾಡಿದರು. ಹೊರಗಿನವರ ಎದುರು ಮಾತಾಡುವವರಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

"ಲಿಂಗ ಅಂಗೈ ಮೇಲೆ ಹಿಡಿಯೋರು ನೀವಾ, ಸಿದ್ದನಾ?"

ರುದ್ರಪ್ಪನವರ ಬೆರಳಿನಲ್ಲಿ ಸರ ನಿಂತಿತು. ಎಲ್ಲವನ್ನೂ ಬೇರೆಯವರಿಂದ ಮಾಡಿಸಿದ ಆ ಮನುಷ್ಯ ಇನ್ನೊಬ್ಬರಿಂದ ಮಾಡಿಸದೆ ಇದ್ದದ್ದು ಅದೊಂದನ್ನೇ. ಅವರ ಲಿಂಗ ಅವರದು, ಅದನ್ನು ಬೇರೆಯವರ ಕೈಗೆ ಕೊಡುವ ಯೋಚನೆಯೂ ಅವರಿಗೆ ಬರುವಂಥದ್ದಲ್ಲ. ಸರ ಕೊರಳಿಗೆ ಹಾಕಿಕೊಂಡು ಸಿದ್ದನಿಗೆ ಏಳು ಅಂದರು. ತಾವೇ ಮಣೆಯ ಮೇಲೆ ಕೂತು ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡರು. ಒಂದು ಸಲ ತಿರುಗಿಸಲು ನೋಡಿದರು. ಅಂಗೈ ಒಂದು ಬೆರಳಿನಷ್ಟು ಅಲ್ಲಾಡಿತು, ಹಣೆಯಲ್ಲಿ ಬೆವರು ಬಂತು.

ಅವತ್ತಿನಿಂದ ನಾನು ಎಣಿಕೆ ಹೇಳುವುದನ್ನೇ ಬಿಟ್ಟೆ. ಮನೆಯಲ್ಲಿ ಆಳುಕಾಳಿಗೆಲ್ಲ ದಿನಕ್ಕೆರಡು ಸಲ ದೊಡ್ಡ ಪಾತ್ರೆಯಲ್ಲಿ ಅನ್ನವಾಗುತ್ತಿತ್ತು. ಅಕ್ಕಿ ಒಲೆಗೆ ಹಾಕಿದಲ್ಲಿಂದ ಬಸಿಯುವವರೆಗೆ ಕೈ ತಿರುಗಿಸಬೇಕು ಅಂತ ಮಾಡಿದೆವು. ಗೌರಮ್ಮ ಒಳಗಿನಿಂದ ಶುರು ಅನ್ನುತ್ತಿದ್ದರು, ಸಾಕು ಅನ್ನುತ್ತಿದ್ದರು. ಕೈಗೆ ಗೂಟ ಹೊಡೆಯುವ ಒಂದು ಮರದ ಕೊಡತಿ ಕೊಟ್ಟೆ. ಹಿಡಿಯ ತುದಿ ಹಿಡಿದು ಹೊರಗೆ ವಾಲಿಸಿದರೆ ತಲೆಯ ಭಾರಕ್ಕೆ ಅಂಗೈ ತಾನೇ ಮೇಲಕ್ಕೆ ತಿರುಗುತ್ತದೆ. ಕೊಡತಿ ಹಿಡಿದು ಹಲ್ಲು ಕಚ್ಚಿ ಕೂತ ಯಜಮಾನರ ಹತ್ತಿರ ಆ ಮೂರು ತಿಂಗಳು ಯಾರೂ ಚೌಕಾಸಿ ಮಾಡಲಿಲ್ಲವಂತೆ. ಸಿದ್ದ ಅಭ್ಯಾಸ ಬಿಡಲಾರದೆ ಅಂಗಳದಲ್ಲಿ ನಿಂತು ತಾನೂ ಕೈ ತಿರುಗಿಸುತ್ತಿದ್ದ. ಇಡೀ ಜಿಲ್ಲೆಯಲ್ಲಿ ಅಷ್ಟು ಸಲೀಸಾದ ಅಂಗೈ ಇನ್ನೊಂದಿರಲಿಲ್ಲ.

ವಾರಕ್ಕೆರಡು ಸಲ ನಾನು ಹೋಗಿ, ಶಾಖ ಕೊಟ್ಟು, ಕೈಯಾರೆ ತಿರುಗಿಸಿ ಬರುತ್ತಿದ್ದೆ. ಅಂಗೈ ಮೇಲೆ ಒಂದು ಅಡಿಕೆ ಇಟ್ಟು ನೋಡುವುದು ನಮ್ಮ ಅಳತೆ. ಇಟ್ಟ ಅಡಿಕೆ ಉರುಳಿ ಬೀಳುತ್ತಿತ್ತು. ಒಂದು ದಿನ ನನಗೆ ಅವಸರ ಬಂತು. ಇನ್ನೊಂಚೂರು, ಇನ್ನೊಂಚೂರು ಅಂತ ಬಲ ಹಾಕಿ ತಿರುಗಿಸಿದೆ. ಮರುದಿನಕ್ಕೆ ಮುಂಗೈ ಬಾತು ಹತ್ತು ದಿನ ಮುಟ್ಟುವ ಹಾಗಿರಲಿಲ್ಲ. ಹೊಸಬರು ಇದನ್ನು ಚೆನ್ನಾಗಿ ನೆನಪಿಡಬೇಕು. ಬಿಗಿದ ಕೀಲು ನಿಮ್ಮ ತೋಳಿನ ಬಲಕ್ಕೆ ಹೆದರುವುದಿಲ್ಲ, ಹಟ ಹಿಡಿಯುತ್ತದೆ. ನಾನು ತಪ್ಪು ಒಪ್ಪಿಕೊಂಡಾಗ ರುದ್ರಪ್ಪನವರು, ಸಿದ್ದನ ಹತ್ತಿರ ನೀನೇ ಕಲಿ ಅಂದರು.

ಇನ್ನೊಂದು ನಿಯಮ ಹಾಕಿದ್ದೆ. ಮೈ ವಾಲಿಸಬಾರದು. ಮುಂಗೈ ತಿರುಗದಿದ್ದಾಗ ಮೈಯನ್ನೇ ಎಡಕ್ಕೆ ವಾಲಿಸಿದರೆ ಅಂಗೈ ಮೇಲಾದಂತೆ ಕಾಣುತ್ತದೆ, ಅದು ನಮ್ಮ ಕಸುಬಿನಲ್ಲಿ ಕಳ್ಳತನ. ಅವರು ವಾಲಿದಾಗಲೆಲ್ಲ ನಾನು ಹೆಗಲು ಹಿಡಿದು ನೆಟ್ಟಗೆ ಕೂರಿಸುತ್ತಿದ್ದೆ.

ಮೂರನೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಮನೆ ಸುಮ್ಮನಿತ್ತು. ಪೂಜೆಗೆ ಕೂತಿದ್ದಾರೆ ಅಂದ ಸಿದ್ದ. ಅದನ್ನು ಹೊರಗಿನವರು ನೋಡುವ ಹಾಗಿಲ್ಲ, ಜಗಲಿಯಲ್ಲಿ ಕಾದೆ. ಯಾವತ್ತಿಗಿಂತ ಹೆಚ್ಚು ಹೊತ್ತಾಯಿತು. ಕೊನೆಗೆ ರುದ್ರಪ್ಪನವರು ಹೊರಗೆ ಬಂದು ನನ್ನ ಎದುರು ನಿಂತರು. ಕಣ್ಣು ಕೆಂಪಾಗಿತ್ತು.

"ಒಂಚೂರು ಕಳ್ಳತನ ಮಾಡ್ದೆ ಮಾರಾಯ. ಎಡಕ್ಕೆ ವಾಲ್ದೆ. ಲಿಂಗ ನಿಂತ್ಕಂತು."

ಪುಸ್ತಕದ ಪ್ರಕಾರ ಅಂಗೈ ಇನ್ನೂ ಮುಕ್ಕಾಲೇ ತಿರುಗುತ್ತಿತ್ತು. ನಾನು ಅವರನ್ನು ನೆಟ್ಟಗೆ ಕೂರಿಸಲು ಹೋಗಲಿಲ್ಲ. ಒಳ್ಳೇದಾಯಿತು ಯಜಮಾನರೆ ಅಂದೆ, ಅಷ್ಟೇ.

ಅವತ್ತು ಅನ್ನದ ಊಟ. ನಡುಮನೆಯಲ್ಲಿ ಅವರಿಗೊಂದು ಎಲೆ, ಸ್ವಲ್ಪ ಆಚೆ ನನಗೊಂದು. ಗೌರಮ್ಮ ಬಡಿಸಿ, ಅನ್ನದ ಪಾತ್ರೆ ಅಲ್ಲೇ ಇಟ್ಟು ಗೋಡೆಗೆ ಒರಗಿ ನಿಂತರು. ರುದ್ರಪ್ಪನವರು ಐದು ತಿಂಗಳು ದಾಟಿದ ಮೇಲೆ ಮೊದಲ ತುತ್ತು ಬಾಯಿಗಿಟ್ಟರು. ನಾನು ನನ್ನ ಚಿಕಿತ್ಸೆಯ ಫಲವನ್ನು ನೋಡುತ್ತಾ ತಿನ್ನುವುದನ್ನೂ ಮರೆತಿದ್ದೆ. ಆಗ ಅಂಗಳದಿಂದ ಸಿದ್ದ, ಯಾರೂ ಕೇಳದೆ, ಬಾಗಿಲ ಹತ್ತಿರ ಬಂದು ನಿಂತ.

"ಅಮ್ಮಾರಿಗೂ ಒಂದು ಎಲೆ ಹಾಕ್ಸಿ ಅಯ್ಯಾ. ಅವರೂ ಅಷ್ಟು ದಿನದಿಂದ ಅನ್ನ ಉಂಡಿಲ್ಲ."

ರುದ್ರಪ್ಪನವರ ಕೈ ಎಲೆಯ ಮೇಲೆ ನಿಂತಿತು. ಅವರಿಗೆ ಗೊತ್ತಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ದಿನಕ್ಕೆರಡು ಸಲ ಮನೆಗೆಲ್ಲ ಅನ್ನ ಬಸಿದು ಬಡಿಸಿದ ಆ ಹೆಂಗಸು, ಗಂಡ ಉಣ್ಣದೆ ತಾನು ಉಣ್ಣುವುದು ಹೇಗೆ ಅಂತ ತಾನೂ ಹಾಲು ಕುಡಿದುಕೊಂಡು ಐದು ತಿಂಗಳಿಗೂ ಮೇಲೆ ಕಳೆದಿದ್ದರು.

"ನೀವು ಉಣ್ಣಿ, ಆರಿ ಹೋಗ್ತದೆ," ಅಂದರು ಗೌರಮ್ಮ.

ರುದ್ರಪ್ಪನವರು ಪಕ್ಕದಲ್ಲಿದ್ದ ಎಲೆಯೊಂದನ್ನು ಎಡಗೈಯಲ್ಲಿ ಎಳೆದು ತಮ್ಮ ಬಲಕ್ಕೆ ಹಾಸಿದರು. ಕೂತ್ಕೋ ಅಂದರು. ಬಲಗೈ ಎಂಜಲಾಗಿತ್ತು. ಎಡಗೈಯಿಂದಲೇ ಪಾತ್ರೆಯ ಸೌಟು ಹಿಡಿದು, ಮುಂಗೈ ತಿರುಗಿಸಿ, ಅನ್ನ ಎತ್ತಿ ಹೆಂಡತಿಯ ಎಲೆಗೆ ಹಾಕಿದರು. ನೋವಾಯಿತು ಅಂತ ಕಾಣುತ್ತದೆ, ನಾಲ್ಕು ಅಗುಳು ಎಲೆಯಾಚೆ ಬಿದ್ದವು. ಇನ್ನೊಂದು ಸೌಟು ಹಾಕಿದರು. ಮೈ ವಾಲಿರಲಿಲ್ಲ. ಗೌರಮ್ಮ ಕೂತರು, ತುತ್ತು ಕಲಸುತ್ತಾ ಸದ್ದಿಲ್ಲದೆ ಅತ್ತರು.

ನಾನು ನನ್ನ ಎಲೆ ನೋಡಿಕೊಂಡು ಕೂತೆ. ಮೂರು ತಿಂಗಳು ಆ ಮನೆಗೆ ಎಡತಾಕಿದ್ದೆ, ಯಾವ ಕೆಲಸ ನಿಂತಿದೆ ಅಂತ ರುದ್ರಪ್ಪನವರನ್ನು ಎಷ್ಟು ಸಲ ಕೇಳಿದ್ದೆನೋ. ಬಾಗಿಲ ಚೌಕಟ್ಟು ಹಿಡಿಯದೆ ನಿಲ್ಲಲಾರದ ಅವರ ಹೆಂಡತಿಯನ್ನು ಊಟವಾಯಿತೇ ಅಂತ ಒಂದು ದಿನವೂ ಕೇಳಿರಲಿಲ್ಲ.